ಕ್ಯಾಮೆರಾ ಕಂಪನಿಗಳ ಸುದ್ದಿಯನ್ನು ಪುಕ್ಕಟೆಯಾಗಿ ಹಾಕುತ್ತಲೇ ಜಾಹೀರಾತಿನ ಆದಾಯವನ್ನೂ ಉಳಿಸಿಕೊಳ್ಳುವುದು ಹೇಗೆ?

ಹಕ್ಕಿ ಛಾಯಾಗ್ರಹಣದ ಸಲಕರಣೆಗಳ ಬಗ್ಗೆ ಹವ್ಯಾಸಕ್ಕೆಂದು ನಡೆಸುವ ನಿಮ್ಮ ಜಾಲತಾಣಕ್ಕೆ ಕಂಪನಿಗಳ ಪತ್ರಿಕಾ ಪ್ರಕಟಣೆಗಳು ದಂಡಿಯಾಗಿ ಬರುತ್ತವೆ, ಜಾಹೀರಾತು ಮಾತ್ರ ಬರುವುದಿಲ್ಲ, ಈ ಎರಡನ್ನು ಸರಿದೂಗಿಸುವ ಬಗೆ ಯಾವುದು ಎಂದು ಕೇಳಿದ್ದೀರಿ. ಮೈಸೂರಿನಿಂದ ಇಂಥದ್ದೇ ತಾಣವೊಂದನ್ನು ಕನ್ನಡದಲ್ಲಿ ನಡೆಸಿಕೊಂಡು ಬಂದಿರುವ ನಾನು ಇದಕ್ಕೊಂದು ಜಾಣ ಉಪಾಯ ಹೂಡಿದ್ದೆ. ನನಗಿದ್ದ ಒಬ್ಬನೇ ದೊಡ್ಡ ಜಾಹೀರಾತುದಾರನನ್ನೂ ಕೆಲವು ಹಳೆಯ ಓದುಗರನ್ನೂ ನಾನು ಕಳೆದುಕೊಂಡದ್ದು ಆ ಉಪಾಯದಿಂದಲೇ.

ಆಗ ನನ್ನ ಆದಾಯವೆಲ್ಲ, ತಾಣದಲ್ಲಿ ತಾನೇ ಜಾಹೀರಾತು ಹಾಕಿ ಅದರ ಪಾಲು ಕೊಡುವ ಗೂಗಲ್ ಆಡ್‌ಸೆನ್ಸ್‌ನಿಂದ ಬರುತ್ತಿತ್ತು. ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಅಲ್ಲಿ ಹಣ ಕೈಗೆ ಸಿಗುವುದಿಲ್ಲ. ಕನ್ನಡದ ಸಣ್ಣ ತಾಣಕ್ಕೆ ಆ ನೂರು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತದೆ, ತಾಣವನ್ನು ಅಂತರ್ಜಾಲದಲ್ಲಿ ಇರಿಸುವ ಹೋಸ್ಟಿಂಗ್ ಶುಲ್ಕವೋ ವರ್ಷಕ್ಕೊಮ್ಮೆ ತಪ್ಪದೆ ಬಂದು ನಿಲ್ಲುತ್ತದೆ. ಆದ್ದರಿಂದ ನೇರ ಜಾಹೀರಾತಿಗೆಂದು ದರಪಟ್ಟಿ ಸಿದ್ಧಪಡಿಸಿ, ಅದರ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ವಾರ್ಷಿಕ ಜಾಹೀರಾತುದಾರರ ಹೊಸ ಉತ್ಪನ್ನಗಳ ಸುದ್ದಿಯನ್ನು ಉಚಿತವಾಗಿ ಪ್ರಕಟಿಸಲಾಗುವುದು.’ ಟ್ರೈಪಾಡ್ ವಿತರಕರೊಬ್ಬರು ಅದನ್ನು ನೋಡಿ ವರ್ಷದ ಹಣವನ್ನು ಮುಂಗಡವಾಗಿಯೇ ಕಳುಹಿಸಿದರು.

ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಈ ಕಥೆ ಕೇಳಿದವರೆಲ್ಲ ಬೇರೆಲ್ಲೋ ಬೆರಳಿಡುತ್ತಾರೆ. ಟ್ರೈಪಾಡ್ ಮಾರುವವರ ಜಾಹೀರಾತು ಹಾಕಿಕೊಂಡದ್ದು ತಪ್ಪಲ್ಲ. ಅವರ ಸುದ್ದಿ ಪ್ರಕಟಿಸಿದ್ದೂ ತಪ್ಪಲ್ಲ. ಅದಕ್ಕೂ ಮೊದಲು ಯಾರ ಸುದ್ದಿಯಾದರೂ ಓದುಗರಿಗೆ ಉಪಯೋಗವೆನಿಸಿದರೆ ಹಾಕುತ್ತಿದ್ದೆ, ಇಲ್ಲವೆನಿಸಿದರೆ ಬಿಡುತ್ತಿದ್ದೆ, ‘ಕ್ರಾಂತಿಕಾರಿ’ ಎಂಬ ವಿಶೇಷಣವನ್ನು ಕಿತ್ತುಹಾಕಿ ತೂಕವೆಷ್ಟು, ಬೆಲೆಯೆಷ್ಟು ಎಂಬುದನ್ನಷ್ಟೇ ಉಳಿಸುತ್ತಿದ್ದೆ, ಮತ್ತು ಹೀಗೇಕೆ ಮಾಡಿದಿರೆಂದು ಯಾರೂ ಕೇಳುತ್ತಿರಲಿಲ್ಲ. ಆ ಒಂದು ಸಾಲು ಬರೆದೊಡನೆ, ‘ಉಚಿತ’ ಎಂದು ನಾನು ಹೇಳಿದ್ದಕ್ಕೆ ಬೆಲೆ ಕಟ್ಟಿದಂತಾಯಿತು, ಮತ್ತು ಬೆಲೆ ಕೊಟ್ಟವರಿಗೆ ಸರಕು ಒಪ್ಪಿಸಲೇಬೇಕಾಯಿತು. ವಿಶೇಷಣ ಕತ್ತರಿಸಿದರೆ ಫೋನ್ ಬರತೊಡಗಿತು. ಅದುವರೆಗೆ ತಾವಾಗಿಯೇ ಸುದ್ದಿ ಕಳುಹಿಸುತ್ತಿದ್ದ ಬೇರೆ ಕಂಪನಿಯವರು ದರಪಟ್ಟಿಯನ್ನು ನೋಡಿ, ಹಾಗಾದರೆ ನಮ್ಮ ಸುದ್ದಿ ಬರಬೇಕಾದರೆ ನಾವೂ ಜಾಹೀರಾತು ಕೊಡಬೇಕೇ ಎಂದು ಕೇಳಿದರು. ಹೌದು ಎನ್ನಲು ಮನಸ್ಸಿರಲಿಲ್ಲ, ಇಲ್ಲವೆಂದರೆ ಹಣ ಕೊಟ್ಟವರಿಗೆ ಸಿಕ್ಕಿದ್ದಾದರೂ ಏನು?

ಇಷ್ಟರಲ್ಲಿ ಅದೇ ವಿತರಕರ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಬೇಕಾದತ್ತ ತಿರುಗಿಸಿ ಬಿಗಿಯುವ ಬಾಲ್‌ಹೆಡ್ ಪರೀಕ್ಷೆಗೆ ಬಂತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಟ್ರೈಪಾಡ್ ನಿಲ್ಲಿಸಿ, ಭಾರದ ಟೆಲಿ ಲೆನ್ಸ್ ಕೂರಿಸಿ, ಹೆಜ್ಜಾರ್ಲೆಯೊಂದನ್ನು ಚೌಕಟ್ಟಿನ ನಡುವೆ ತಂದು ತಿರುಪನ್ನು ಬಿಗಿಮಾಡಿ ಕೈಬಿಟ್ಟರೆ, ಲೆನ್ಸಿನ ಮೂತಿ ಕೂದಲೆಳೆಯಷ್ಟು ಕುಸಿದು ಹಕ್ಕಿ ಚೌಕಟ್ಟಿನ ಮೇಲಂಚಿಗೆ ಹೋಗಿ ನಿಲ್ಲುತ್ತಿತ್ತು. ಎಷ್ಟು ಬಿಗಿದರೂ ಅದೇ ಪಾಡು. ಕಂಡದ್ದನ್ನು ಕಂಡಂತೆ ಬರೆದೆ. ವಿತರಕರು ಮರುವರ್ಷದ ಜಾಹೀರಾತನ್ನು ಕೈಬಿಟ್ಟರು, ಅದನ್ನಾದರೂ ಸಹಿಸಬಹುದಿತ್ತು. ಹಳೆಯ ಓದುಗರೊಬ್ಬರು, ಇದೇ ಕಂಪನಿಯ ಟ್ರೈಪಾಡ್ ಕಾಲುಗಳನ್ನು ನೀವು ಹಿಂದೆ ಹೊಗಳಿದ್ದು ಹಣ ಪಡೆದೋ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಹೊಗಳಿಕೆ ಪ್ರಾಮಾಣಿಕವೇ ಆಗಿತ್ತು, ಆದರೆ ದರಪಟ್ಟಿಯ ಆ ಸಾಲನ್ನು ವಿತರಕರು ಓದಿಕೊಂಡ ಹಾಗೆಯೇ ಅವರೂ ಓದಿಕೊಂಡಿದ್ದರು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಸರಿದೂಗಿಸಲು ಹೊರಟರೆ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ಲೆಕ್ಕ ತಾನಾಗಿ ಹುಟ್ಟಿಕೊಳ್ಳುತ್ತದೆ. ಪತ್ರಿಕಾ ಪ್ರಕಟಣೆಯಿಂದ ನಿಮಗೆ ಓದುಗರು ಬರುತ್ತಾರೆಂಬುದೂ ಭ್ರಮೆ. ಅದೇ ಪಠ್ಯ ಅದೇ ದಿನ ಹತ್ತಾರು ದೊಡ್ಡ ತಾಣಗಳಲ್ಲಿ ಇರುತ್ತದೆ. ನನ್ನ ತಾಣಕ್ಕೆ ಇಂದಿಗೂ ಹೆಚ್ಚು ಜನರನ್ನು ಕರೆತರುವುದು ಮಲೆನಾಡಿನ ಮಳೆಗಾಲದಲ್ಲಿ ಲೆನ್ಸ್‌ಗೆ ಬೂಷ್ಟು ಹಿಡಿಯದಂತೆ ಡಬ್ಬಿಯೊಳಗಿನ ತೇವಾಂಶವನ್ನು ಶೇ 40ರಿಂದ 50ರ ನಡುವೆ ಕಾಯ್ದುಕೊಳ್ಳುವ ಬಗ್ಗೆ ಬರೆದ ಹಳೆಯ ಲೇಖನ. ಫಿಲ್ ಆಸ್ಕಿ 1998ರಲ್ಲಿ ಆರಂಭಿಸಿದ, 2007ರಲ್ಲಿ ಅಮೆಜಾನ್ ಕೊಂಡುಕೊಂಡ ಕ್ಯಾಮೆರಾ ವಿಮರ್ಶೆಯ ಡಿಪಿ‌ರಿವ್ಯೂ ತಾಣವನ್ನು ಮುಚ್ಚುವುದಾಗಿ 2023ರ ಮಾರ್ಚ್‌ನಲ್ಲಿ ಘೋಷಿಸಿದಾಗ, ಓದುಗರು ಉಳಿಸಿಕೊಳ್ಳಲು ಹೆಣಗಿದ್ದು ಅಲ್ಲಿನ ಹಳೆಯ ಪರೀಕ್ಷೆಗಳನ್ನು ಮತ್ತು ಮಾದರಿ ಚಿತ್ರಗಳನ್ನು. ಕೆಲವೇ ತಿಂಗಳಲ್ಲಿ ಗೇರ್ ಪ್ಯಾಟ್ರೋಲ್ ಅದನ್ನು ಕೊಂಡು ಮುಂದುವರಿಸಿತು.

ಇನ್ನು ‘ಉಚಿತ’ವೆಂದು ಬರುವ ವಸ್ತುಗಳ ಮಾತು. ಅವುಗಳನ್ನು ಉಚಿತವೆಂದು ಆದಾಯ ತೆರಿಗೆಯ ಕಾನೂನೇ ಎಣಿಸುವುದಿಲ್ಲ. 2022ರ ಜುಲೈ 1ರಂದು 194ಆರ್ ಸೆಕ್ಷನ್ನಾಗಿ ಜಾರಿಗೆ ಬಂದ ನಿಯಮದ ಪ್ರಕಾರ, ವೃತ್ತಿ ಅಥವಾ ವ್ಯವಹಾರದ ಸಂಬಂಧದಲ್ಲಿ ವರ್ಷಕ್ಕೆ 20,000 ರೂಪಾಯಿಗೂ ಮೀರಿದ ಸವಲತ್ತು ಕೊಡುವ ಕಂಪನಿ ಅದರ ಮೇಲೆ ಶೇ 10ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಲೆಕ್ಕ ತೋರಿಸಬೇಕು. ಪರೀಕ್ಷೆಗೆ ಬಂದ ವಸ್ತುವನ್ನು ಹಿಂದಿರುಗಿಸಿದರೆ ಅದು ಸವಲತ್ತಲ್ಲ, ಇಟ್ಟುಕೊಂಡರೆ ಸವಲತ್ತು ಎಂದು ನೇರ ತೆರಿಗೆ ಮಂಡಳಿಯ ಸುತ್ತೋಲೆಯೇ ಸ್ಪಷ್ಟಪಡಿಸಿತು. ಕೊಟ್ಟವರೊಂದಿಗಿನ ಸಂಬಂಧವನ್ನು ಓದುಗರಿಗೆ ತಿಳಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೇಳಿವೆ. ಇದನ್ನೆಲ್ಲ ನಾನು ತಡವಾಗಿ ಓದಿದೆ, ನೀವು ಈಗಲೇ ಓದಿ.

ಈಗ ನಾನು ಲೆನ್ಸ್, ಟ್ರೈಪಾಡ್, ಬ್ಯಾಗ್ ತಯಾರಕರಿಂದಾಗಲೀ ಅವರ ವಿತರಕರಿಂದಾಗಲೀ ಹಣ ಪಡೆಯುವುದಿಲ್ಲ. ನಾನೆಂದೂ ವಿಮರ್ಶಿಸದವರಿಂದ ಪಡೆಯುತ್ತೇನೆ: ದಾಂಡೇಲಿ, ಗಣೇಶಗುಡಿ ಕಡೆಯ ಹೋಂಸ್ಟೇಗಳು, ಫೋಟೊ ಮುದ್ರಿಸಿ ಚೌಕಟ್ಟು ಹಾಕಿಕೊಡುವವರು, ತರಬೇತಿ ಶಿಬಿರ ನಡೆಸುವವರು. ಮೊತ್ತ ಸಣ್ಣದು, ಹೋಸ್ಟಿಂಗ್ ಶುಲ್ಕಕ್ಕೆ ಸಾಲುತ್ತದೆ, ಪೆಟ್ರೋಲಿಗೆ ಸಾಲುವುದಿಲ್ಲ. ಸುದ್ದಿಯನ್ನು ಯಾರಿಂದ ಬಂದರೂ ಎರಡು ಸಾಲಿನಲ್ಲಿ, ನನಗೆ ಬೇಕೆನಿಸಿದಾಗ ಮಾತ್ರ ಹಾಕುತ್ತೇನೆ.

ಬ್ಯಾಗ್ ಕಂಪನಿಯೊಂದು ‘ಬ್ಯಾಗನ್ನು ನೀವೇ ಇಟ್ಟುಕೊಳ್ಳಿ, ನಮ್ಮ ಪ್ರಕಟಣೆಯನ್ನು ಹಾಗೆಯೇ ಹಾಕಿ’ ಎಂದು ಬರೆದಿದೆಯೆಂದೂ ನೀವು ಹೇಳಿದ್ದೀರಿ. ಬ್ಯಾಗನ್ನು ತಿಂಗಳೊಳಗೆ ಹಿಂದಿರುಗಿಸುವುದಾಗಿ, ಪ್ರಕಟಣೆಗೆ ಮುನ್ನ ಬರಹವನ್ನು ತೋರಿಸುವುದಿಲ್ಲವೆಂದು, ಎರಡೂ ಕಡೆಯ ಕೊರಿಯರ್ ವೆಚ್ಚ ಅವರದೆಂದು ಇಂದೇ ಉತ್ತರಿಸಿ. ಒಪ್ಪದಿದ್ದರೆ ನಿಮ್ಮ ಕ್ಯಾಮೆರಾ, ಲೆನ್ಸ್‌ಗಳನ್ನೆಲ್ಲ ಹೊತ್ತು ಆ ಬ್ಯಾಗ್ ಇಟ್ಟಿರುವ ಅಂಗಡಿಗೆ ಹೋಗಿ, ಒಂದೊಂದಾಗಿ ಅದರೊಳಗೆ ತುಂಬಿ, ಬೆನ್ನಿಗೇರಿಸಿಕೊಂಡು ಅಂಗಡಿಯೊಳಗೆ ಕಾಲು ಗಂಟೆ ಓಡಾಡಿ. ವಿಮರ್ಶೆಗೆ ಬೇಕಾದ ಮುಕ್ಕಾಲು ಪಾಲು ವಿಷಯ ಅಲ್ಲಿಯೇ ಸಿಗುತ್ತದೆ.