ಮೆದು ಹವಳದ ರಸ ಕೊಳೆ ರೋಗಕ್ಕೆ ಮದ್ದಾಗುತ್ತಾ?

ಪ್ರಶ್ನೆ: ಸಮುದ್ರದ ಮೆದು ಹವಳದಲ್ಲಿ ರೋಗಾಣು ಕೊಲ್ಲುವ ವಸ್ತು ಇದೆ ಎಂದು ಓದಿದೆ. ಅಡಿಕೆ ಕೊಳೆ ರೋಗಕ್ಕೆ ಅದನ್ನು ಬಳಸಬಹುದಾ ಸಾರ್? ಘಟ್ಟ ಇಳಿದರೆ ಮುರುಡೇಶ್ವರ, ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಹವಳ ಇದೆಯಂತೆ.
– ಅಡಿಕೆ ಬೆಳೆಗಾರರು, ಸಾಗರ

ಉತ್ತರ: ನೀವು ಓದಿದ್ದು ನಿಜ. ಆದರೆ ತೋಟಕ್ಕೆ ಹೊಡೆಯುವ ಔಷಧಿಯಾಗಿ ಅದು ಇನ್ನೂ ಬಂದಿಲ್ಲ.

ಮೆದು ಹವಳಕ್ಕೆ ಗಟ್ಟಿ ಹವಳದ ಹಾಗೆ ಕಲ್ಲಿನ ಗೂಡಿಲ್ಲ. ಒಂದೇ ಕಡೆ ಅಂಟಿಕೊಂಡಿರುವ ಪ್ರಾಣಿ, ಓಡಿ ತಪ್ಪಿಸಿಕೊಳ್ಳಲೂ ಆಗದು. ಮೀನು ಕಚ್ಚಬಾರದು, ಬ್ಯಾಕ್ಟೀರಿಯಾ ಮೈಮೇಲೆ ಕೂರಬಾರದು, ಪಕ್ಕದ ಹವಳ ಜಾಗ ಕಬಳಿಸಬಾರದು. ಇದಕ್ಕೆಲ್ಲ ಅದು ನೆಚ್ಚಿಕೊಂಡಿರುವುದು ತನ್ನ ಮೈಯೊಳಗಿನ ರಾಸಾಯನಿಕಗಳನ್ನು. ಸಾರ್ಕೋಫೈಟಾನ್, ಸಿನುಲೇರಿಯಾದಂಥ ಹವಳಗಳಲ್ಲಿ ಸೆಂಬ್ರನಾಯ್ಡ್ ಎಂಬ ವಸ್ತುಗಳು ಜಾಸ್ತಿ. 14 ಕಾರ್ಬನ್‌ಗಳು ಬಳೆಯ ಹಾಗೆ ಸುತ್ತಿಕೊಂಡ ರಚನೆ ಅದು. ಟರ್ಪೀನ್ ಬಳಗಕ್ಕೆ ಸೇರಿದ್ದು. ನಮ್ಮ ಕಾಡಿನ ಹಾಲುಮಡ್ಡಿಯ ಅಂಟಿನಲ್ಲೂ ಈ ಬಳಗದ ವಸ್ತುಗಳಿವೆ. ಕಡಲ ಪ್ರಾಣಿ, ಘಟ್ಟದ ಮರ ಎರಡೂ ಒಂದೇ ಬಗೆಯ ರಕ್ಷಣೆ ಕಂಡುಕೊಂಡಿವೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಪ್ರಯೋಗಾಲಯದ ತಟ್ಟೆಯಲ್ಲಿ ಹವಳದ ಈ ವಸ್ತುಗಳಲ್ಲಿ ಕೆಲವು ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ. ತೊಡಕು ಮುಂದಿದೆ. ಎಷ್ಟೋ ಸಲ ಬೇಕಾಗುವ ಪ್ರಮಾಣ ಜಾಸ್ತಿ, ಜೊತೆಗೆ ಹಲವು ವಸ್ತುಗಳು ನಮ್ಮ ಜೀವಕೋಶಗಳನ್ನೂ ಕೊಲ್ಲುತ್ತವೆ. ಮೆದು ಹವಳದಿಂದ ಬಂದ ಆಂಟಿಬಯೋಟಿಕ್ ಮಾತ್ರೆ ಅಂಗಡಿಯಲ್ಲಿ ಒಂದೂ ಇಲ್ಲ.

ಇನ್ನು ಕೊಳೆ ರೋಗ. ಅದನ್ನು ತರುವ ಫೈಟಾಫ್ತೊರಾ ಬ್ಯಾಕ್ಟೀರಿಯಾ ಅಲ್ಲ, ನಿಜವಾದ ಶಿಲೀಂಧ್ರವೂ ಅಲ್ಲ. ಮಳೆನೀರಲ್ಲಿ ಈಜಿ ಕಾಯಿಗೆ ಹತ್ತುವ ಬೇರೆಯೇ ಜೀವಿ. ಬ್ಯಾಕ್ಟೀರಿಯಾಕ್ಕೆ ತಾಗುವ ಮದ್ದು ಅದಕ್ಕೂ ತಾಗುತ್ತೆ ಎಂದು ನಂಬಿ ಕೂರುವಂತಿಲ್ಲ.

ದಯವಿಟ್ಟು ನೇತ್ರಾಣಿಯ ಹವಳ ಕೀಳುವ ಯೋಚನೆ ಯಾರೂ ಮಾಡಬೇಡಿ. ಗಟ್ಟಿ ಹವಳ, ಸೀ ಫ್ಯಾನ್‌ಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹವಳ ಕೀಳುವ ಅಗತ್ಯವೂ ಇಲ್ಲ. ಈ ಟರ್ಪೀನ್ ತಯಾರಿಸುವ ಜೀನ್‌ಗಳು ಹವಳದ್ದೇ ಎಂದು 2022ರಲ್ಲಿ ಅಮೆರಿಕದ ಎರಡು ತಂಡಗಳು ತೋರಿಸಿದವು. ಆ ಜೀನ್‌ಗಳನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ತೊಟ್ಟಿಯಲ್ಲಿ ವಸ್ತು ತಯಾರಿಸುವ ದಾರಿ ಈಗ ತೆರೆದಿದೆ. ನನ್ನ ಭರವಸೆ ಅದರ ಮೇಲೆ.

ಸದ್ಯಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನೇ ಹೊಡೆಸಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲೇ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರನ್ನು ಗೊತ್ತು ಮಾಡಿಕೊಳ್ಳಿ. 40-45 ದಿನಕ್ಕೆ ಎರಡನೇ ಸಲ ಹೊಡೆಸಿ. ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ.