ಪಲವಕ ಕಟ್ಟು ಮತ್ತು ಮಾಷ್ಟ್ರ ಸಿಟ್ಟು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಬ್ಬರು ರಿಟೈರ್ಡ್ ಮಾಷ್ಟ್ರು ನಾಲ್ಕು ಪುಟ ತುಂಬಾ ಕಾಗದ ಬರ್ದಿದ್ದಾರೆ. ಸಾರಾಂಶ ಇಷ್ಟು. ಅವರ ಊರಿನ ಕುಡಿಯುವ ನೀರಿನ ಸ್ಕೀಮಲ್ಲಿ ಪೈಪು ಬಂತು, ಟ್ಯಾಂಕಿ ಬಂತು, ನೀರು ಬರ್ಲಿಲ್ಲ. ದೂರು ಹೋಗಿ ಸರಕಾರದಿಂದ ಒಂದು ತನಿಖೆ ಆಯ್ತು, ಅದು ಮುಗಿದ ಮೇಲೆ ಇವರು ಆರ್‌ಟಿಐ ಹಾಕಿ ಕಾಗದಪತ್ರ ತರಿಸಿದ್ರು. ಬಂದದ್ದು 412 ಹಾಳೆ, ಅದರಲ್ಲಿ ವರದಿ ಅಂತ ಇರುದು ಒಂಬತ್ತೇ ಹಾಳೆ, ಬಾಕಿ ಎಲ್ಲ ಮೇಲೆ ಮಲಯಾಳದಲ್ಲಿ 'ಪಲವಕ', ಅಂದ್ರೆ ಇತರೆ ಬಗೆಬಗೆಯದ್ದು, ಅಂತ ಬರೆದ ಒಂದು ದಪ್ಪ ಕಟ್ಟು. "ಮೂರು ತಿಂಗಳು ಕೂತು ನೋಡಿದೆ, ಎಂತದೂ ಇಲ್ಲ, ಬರೀ ಕಸ, ಕೆಲವು ಕಡೆ ಕರಿ ಬಣ್ಣ ಬಳಿದಿದ್ದಾರೆ, ನೀವಾದ್ರೂ ಇದನ್ನು ಇದ್ದ ಹಾಗೆ ಪ್ರಿಂಟ್ ಮಾಡಿ, ಇಲ್ಲದಿದ್ರೆ ನೀವೂ ಅವರ ಜನ ಅಂತ ತಿಳ್ಕೊಳ್ತೇನೆ" ಅಂತ ಬರ್ದಿದ್ದಾರೆ. ಜೊತೆಗೆ ಸ್ಯಾಂಪಲ್ಲಿಗೆ ಅಂತ ನಲವತ್ತು ಹಾಳೆಯ ಜೆರಾಕ್ಸ್.

ಮಾಷ್ಟ್ರೇ, ನಮಸ್ಕಾರ. ಸಿಟ್ಟು ಅರ್ಥ ಆಗ್ತದೆ. ಆದ್ರೆ ಕಸ ಅಂತ ಹೇಳಿದ್ರಲ್ಲ, ಅದಕ್ಕೆ ನನ್ನದು ಸ್ವಲ್ಪ ತಕರಾರು ಉಂಟು. ನೀವು ಕಳ್ಸಿದ ನಲವತ್ತು ಹಾಳೆಯನ್ನು ನಾನು ಮೊನ್ನೆ ಆದಿತ್ಯವಾರ ಜಗಲಿಯಲ್ಲಿ ಹರಡಿ ಕೂತಿದ್ದೆ, ಮಧ್ಯಾಹ್ನ ಊಟಕ್ಕೆ ಕರೆದದ್ದೂ ಕೇಳ್ಲಿಲ್ಲ.

ನಿಮ್ಮ ಮನೆಯಲ್ಲೂ ತೋಟ ಉಂಟಲ್ಲ. ಅಡಿಕೆ ಸುಲಿದು ಆದ ಮೇಲೆ ಚಾಲಿ ಬೇರೆ, ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ ಅಂತ ವಿಂಗಡಿಸ್ತೇವೆ, ಆದ್ರೆ ಕರಿಗೋಟನ್ನು ಯಾರೂ ತೋಡಿಗೆ ಬಿಸಾಡುದಿಲ್ಲ, ಅದಕ್ಕೂ ಒಂದು ರೇಟು ಉಂಟು. ಪಲವಕ ಕಟ್ಟೂ ಹಾಗೆಯೇ. ಕಚೇರಿಯವರಿಗೆ ಯಾವ ಹೆಸರಿನಡಿ ಹಾಕುದು ಅಂತ ಗೊತ್ತಾಗದ್ದೆಲ್ಲ ಅಲ್ಲಿ ಬಂದು ಬೀಳ್ತದೆ, ಕವರಿಂಗ್ ಲೆಟರ್, ರಿಮೈಂಡರ್, ಡೆಲಿವರಿ ಚಲನ್, ಯಾರೋ ಪೆನ್ಸಿಲಲ್ಲಿ ಗೀಚಿದ ಚೀಟಿ, ಜೀಪಿನ ಡೀಸೆಲ್ ಬಿಲ್ಲು. ವರದಿ ಬರೆಯುವವರು ಒಂದೊಂದು ಶಬ್ದ ಯೋಚನೆ ಮಾಡಿ ಬರೀತಾರೆ, ಡೀಸೆಲ್ ಬಿಲ್ಲು ಬರೆದವ ಯಾವ ಯೋಚನೆಯೂ ಮಾಡಿರುದಿಲ್ಲ, ಹಾಗಾಗಿ ಅದರಲ್ಲಿರುವ ತಾರೀಕನ್ನು ನಾನು ವರದಿಗಿಂತ ಜಾಸ್ತಿ ನಂಬ್ತೇನೆ.

ನೀವು ಹುಡುಕಿದ್ದು "ಇಂಥವರು ಇಷ್ಟು ದುಡ್ಡು ತಿಂದರು" ಅಂತ ಬರೆದ ಹಾಳೆ. ಅಂಥ ಹಾಳೆಯನ್ನು ಯಾರು ಫೈಲಲ್ಲಿ ಇಟ್ಟಾರು ಮಾರಾಯ್ರೆ! ಕಟ್ಟಿನಲ್ಲಿ ಸಿಗುದು ತಾರೀಕು ಮಾತ್ರ, ಯಾರಿಗೆ ಯಾವತ್ತು ಗೊತ್ತಾಯ್ತು ಅಂತ. ನನ್ನ ಪ್ರಕಾರ ಅಷ್ಟು ಸಿಕ್ಕಿದ್ರೆ ಬೇಕಾದಷ್ಟಾಯ್ತು.

ನೀವೇ ಕಳ್ಸಿದ ಎರಡು ಹಾಳೆ ಹೇಳ್ತೇನೆ. ಒಂದರಲ್ಲಿ ಕೆಲಸ ಪೂರ್ತಿ ಆಗಿದೆ, ಟ್ರಯಲ್ ರನ್ ಕೂಡ ಆಯ್ತು ಅಂತ ಸರ್ಟಿಫಿಕೇಟು, ತಾರೀಕು ಮಾರ್ಚ್ 18. ಇನ್ನೊಂದು, ನೀವು 'ಬೇಡದ್ದು' ಅಂತ ಮೂಲೆಯಲ್ಲಿ ಬರೆದ ಹಾಳೆ, ಪಂಪಿನ ಮೋಟಾರಿನ ಡೆಲಿವರಿ ಚಲನ್, ತಾರೀಕು ಏಪ್ರಿಲ್ 2. ಮೋಟಾರು ಬರುವ ಮೊದಲೇ ಟ್ರಯಲ್ ರನ್ ಎಂತದರಲ್ಲಿ ಆಯ್ತು? ಮಧ್ಯದಲ್ಲಿ ಮಾರ್ಚ್ 31 ಉಂಟು, ಫಂಡ್ ಲ್ಯಾಪ್ಸ್ ಆಗುವ ದಿನ, ಅದನ್ನು ನಿಮಗೆ ನಾನು ಹೇಳ್ಬೇಕಾಗಿಲ್ಲ. ಆದ್ರೆ ಇಷ್ಟಕ್ಕೇ ಕಳ್ಳತನ ಅಂತ ಬರೀಲಿಕ್ಕೆ ಆಗುದಿಲ್ಲ. ಬೇರೆ ಕಡೆಯಿಂದ ಮೋಟಾರು ತಂದು ಟ್ರಯಲ್ ನೋಡಿರಬಹುದು, ಚಲನ್ನಲ್ಲಿ ತಾರೀಕು ತಪ್ಪಿರಬಹುದು. ಅದನ್ನು ತೀರ್ಮಾನ ಮಾಡ್ಲಿಕ್ಕೆ ಎಂ ಬುಕ್ ಬೇಕು, ಅಂದ್ರೆ ಮೆಷರ್‌ಮೆಂಟ್ ಬುಕ್, ಇಂಜಿನಿಯರು ಎಷ್ಟು ಮೀಟರು ಪೈಪು ಹಾಕಿದ್ದು, ಯಾವತ್ತು ಅಳತೆ ಮಾಡಿದ್ದು ಅಂತ ಬರೆಯುವ ಪುಸ್ತಕ, ಬಿಲ್ಲು ಪಾಸಾಗುದು ಅದನ್ನು ನೋಡಿ. ಅದು ನಿಮ್ಮ ಹತ್ರ ಇಲ್ಲ. ಮತ್ತೆ ಸ್ಟಾಕ್ ರಿಜಿಸ್ಟರು, ಪಂಪ್ ಹೌಸಿಗೆ ಕರೆಂಟ್ ಕನೆಕ್ಷನ್ ಕೊಟ್ಟ ತಾರೀಕು. ಈ ಮೂರನ್ನೇ ಕೇಳಿ ಇನ್ನೊಂದು ಅರ್ಜಿ ಹಾಕಿ, ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದ್ರೆ ಆಯ್ತು. ಕಳೆದ ಸಲದ ಹಾಗೆ "ಸಂಬಂಧಪಟ್ಟ ಎಲ್ಲಾ ದಾಖಲೆ" ಅಂತ ಬರೀಬೇಡಿ. ಎಲ್ಲಾ ಅಂತ ಕೇಳಿದ್ರೆ ಎಲ್ಲಾ ಕೊಡ್ತಾರೆ, ಅದರೊಳಗೆ ಬೇಕಾದ್ದೊಂದು ಇರುದಿಲ್ಲ. ಸಾಧ್ಯ ಆದ್ರೆ ಕಾಪಿ ಕೇಳುವ ಮೊದಲು ಫೈಲು ನೋಡ್ಲಿಕ್ಕೆ ಅವಕಾಶ ಕೇಳಿ, ಕಾಯ್ದೆಯಲ್ಲಿ ಅದಕ್ಕೂ ಹಕ್ಕುಂಟು, ಕೂತು ನೋಡಿ ಬೇಕಾದ ಪುಟದ ನಂಬರು ಬರ್ಕೊಂಡು ಬರ್ಬಹುದು.

ನೋಟ್ ಶೀಟ್ ನಿಮ್ಮ ಕಟ್ಟಲ್ಲಿ ಉಂಟಾ ಇಲ್ವಾ ಗೊತ್ತಾಗ್ಲಿಲ್ಲ, ನಲವತ್ತರಲ್ಲಿ ಒಂದೂ ಇಲ್ಲ. ಸರಕಾರಿ ಫೈಲಿಗೆ ಎರಡು ಭಾಗ, ಹೊರಗಿಂದ ಬಂದು ಹೋದ ಪತ್ರ ಒಂದು ಕಡೆ, ಆ ಪತ್ರ ನೋಡಿ ಒಳಗಿನವರು ಒಬ್ಬರ ಕೆಳಗೆ ಒಬ್ಬರು ಬರೆದ ಟಿಪ್ಪಣಿ ಇನ್ನೊಂದು ಕಡೆ. ಟಿಪ್ಪಣಿ ಕೊಡ್ಲಿಕ್ಕಿಲ್ಲ ಅಂತ ಕೌಂಟರಲ್ಲಿ ಹೇಳಿದ್ರೆ ಬಿಟ್ಟು ಬರ್ಬೇಡಿ, ಫೈಲ್ ನೋಟಿಂಗ್ ಕೂಡ ಕೊಡ್ಬೇಕಾದ ಮಾಹಿತಿಯೇ ಅಂತ ಕೇಂದ್ರ ಮಾಹಿತಿ ಆಯೋಗ 2006ರಲ್ಲೇ ಹೇಳಿದೆ. ಕರಿ ಬಣ್ಣದ ವಿಷಯವೂ ಹಾಗೆ, ಆರ್‌ಟಿಐ ಕಾಯ್ದೆಯ 10ನೇ ಸೆಕ್ಷನಲ್ಲಿ ಸ್ವಲ್ಪ ಭಾಗ ತೆಗೆದು ಬಾಕಿ ಕೊಡ್ಬಹುದು, ಆದ್ರೆ ಯಾಕೆ ತೆಗೆದದ್ದು, ತೀರ್ಮಾನ ಮಾಡಿದವರು ಯಾರು ಅಂತ ಹೆಸರು ಸಮೇತ ಬರೆದು ತಿಳಿಸ್ಬೇಕು. ನಿಮಗೆ ಅಂಥ ಕಾಗದ ಬಂದಿಲ್ಲ ಅಂತಾದ್ರೆ ಮೇಲ್ಮನವಿಗೆ ಅದೇ ಪಾಯಿಂಟು, ಉತ್ತರ ಬಂದ 30 ದಿನದ ಒಳಗೆ ಹಾಕ್ಬೇಕಿತ್ತು, ನೀವು ಮೂರು ತಿಂಗಳು ಕೂತು ನೋಡಿದ್ದೀರಲ್ಲ, ತಡ ಆದ ಕಾರಣವನ್ನೂ ಅದರಲ್ಲಿ ಬರೀರಿ.

ಈಗ ನನ್ನದೊಂದು ತಪ್ಪು ಹೇಳ್ತೇನೆ, ನೀವು ಅದನ್ನು ಮಾಡ್ಬಾರ್ದು ಅಂತ. ಹತ್ತು ಹನ್ನೆರಡು ವರ್ಷ ಹಿಂದೆ ಒಂದು ಕಲ್ಲಿನ ಕೋರೆಯ ಗಲಾಟೆಯಲ್ಲಿ ಇದೇ ಥರ ಒಂದು ಕಟ್ಟು ನನ್ನ ಕೈಗೆ ಬಂತು. ಹುಮ್ಮಸ್ಸಲ್ಲಿ ಟ್ಯಾಗ್ ಬಿಚ್ಚಿ, ಪಿನ್ನು ಕಿತ್ತು, ಪರ್ಮಿಟ್ ಒಂದು ಕಡೆ, ದೂರು ಒಂದು ಕಡೆ, ಪೇಪರ್ ಕಟ್ಟಿಂಗ್ ಒಂದು ಕಡೆ ಅಂತ ಚಂದ ಮಾಡಿ ಜೋಡಿಸಿದೆ. ಆಮೇಲೆ ಯಾವ ಪತ್ರಕ್ಕೆ ಯಾವುದು ಅಡಕ ಅಂತ ದೇವರಾಣೆಗೂ ಗೊತ್ತಾಗ್ಲಿಲ್ಲ. ವಕೀಲರು ನೋಡಿ ನಕ್ಕರು. ಯಾವ ಪುಟದ ಹಿಂದೆ ಯಾವುದು ಇತ್ತು ಅನ್ನುದೇ ಒಂದು ಸಾಕ್ಷಿ ಅಂತ ನನಗೆ ಆವತ್ತು ತಲೆಗೆ ಹೋಯ್ತು, ತಡ ಆಗಿ. ನೀವು ಮಾತ್ರ ಮೂಲ ಕಟ್ಟಿಗೆ ಕೈ ಹಾಕ್ಬೇಡಿ, ಒಂದು ಜೆರಾಕ್ಸ್ ತೆಗೆದು ಅದರಲ್ಲಿ ಎಷ್ಟು ಬೇಕಾದ್ರೂ ಆಟ ಆಡಿ. ಕಚೇರಿಯವರು ಹಾಕಿದ ಪುಟ ನಂಬರು ಮೇಲೆ ಬಲಗಡೆ ಉಂಟು ನೋಡಿ, ನಿಮ್ಮ ಸ್ಯಾಂಪಲ್ಲಲ್ಲಿ 214 ಆದ ಮೇಲೆ 217. ನೀವು ಬಿಟ್ಟದ್ದಾ, ಅವರು ಬಿಟ್ಟದ್ದಾ? 214ರಲ್ಲಿ "ಅಡಕ: 3" ಅಂತ ಉಂಟು, ಹಿಂದೆ ಒಂದೇ ಅಡಕ ಉಂಟು. ಲೆಕ್ಕ ಸರಿ ಬರ್ತದಲ್ಲ, ಹೋದ ಹಾಳೆ ಎರಡು.

ಒಂದು ನೋಟ್ ಬುಕ್ಕಲ್ಲಿ ಪುಟ ನಂಬರು, ತಾರೀಕು, ಯಾರಿಂದ ಯಾರಿಗೆ, ತಪಾಲು ಸೀಲಿನ ತಾರೀಕು ಇಷ್ಟು ಬರೀತಾ ಹೋಗಿ, ಅಭಿಪ್ರಾಯ ಬರೀಬೇಡಿ. ಪತ್ರದಲ್ಲಿರುವ ತಾರೀಕು ಬೇರೆ, ನೇರಳೆ ಬಣ್ಣದ ಸೀಲಲ್ಲಿರುವ ತಾರೀಕು ಬೇರೆ, ಎರಡೂ ಬೇಕು.

ಇದು ದೊಡ್ಡ ತನಿಖೆಗಳಿಗೂ ಸೇರಿದ ಮಾತು. ನಮ್ಮ ಜಿಲ್ಲೆಯಲ್ಲಿ ಸುರಿದ ಕೀಟನಾಶಕ ಎಂಡೋಸಲ್ಫಾನನ್ನೇ ತಗೊಳ್ಳಿ. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಸುರಿದದ್ದು ನಿಂತ ಮೇಲೆ ಅಚ್ಯುತನ್ ಸಮಿತಿ, ದುಬೆ ಸಮಿತಿ, ಮಾಯೀ ಸಮಿತಿ ಅಂತ ಒಂದರ ಮೇಲೊಂದು ಬಂತು, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಎನ್‌ಐಒಎಚ್‌ನವರೂ ಬಂದ್ರು, ಇವರು ವಿಷಕ್ಕೂ ಕಾಯಿಲೆಗೂ ಸಂಬಂಧ ಉಂಟು ಅಂದ್ರೆ ದುಬೆ ಸಮಿತಿ ಇಲ್ಲ ಅಂತು. ಜನರಿಗೆ ತಲೆಕೆಟ್ಟು ಹೋಯ್ತು, ಯಾವುದನ್ನು ನಂಬುದು? ವರದಿಯ ಕೊನೆಯ ಪುಟ ಓದಿದವರಿಗೆ ಅದು ಬಗೆಹರಿಯುವ ಜಗಳವೇ ಅಲ್ಲ. ಎನ್‌ಐಒಎಚ್‌ನವರು ವಿಷ ಬಿದ್ದ ಪಡ್ರೆ ಕಡೆಯ ಶಾಲೆ ಮಕ್ಕಳನ್ನು ವಿಷ ಬೀಳದ ಮೀಂಜದ ಮಕ್ಕಳ ಜೊತೆ ಹೋಲಿಸಿದ್ರು, ಅದರಲ್ಲಿ ಗಂಡುಮಕ್ಕಳ ಬಗ್ಗೆ 2003ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ವಿಷ ಬಿದ್ದ ಕಡೆಯವರು 117 ಮಂದಿ, ಬೀಳದ ಕಡೆಯವರು 90 ಮಂದಿ. ಯಾವ ತಿಂಗಳಲ್ಲಿ ರಕ್ತ ತೆಗೆದದ್ದು, ಕೊನೆಯ ಸಿಂಪಡಣೆ ಆಗಿ ಎಷ್ಟು ದಿನ ಆಗಿತ್ತು, ಎಷ್ಟು ಜನ, ಹೋಲಿಸಿದ್ದು ಯಾವ ಊರಿನ ಜೊತೆ, ಇದೆಲ್ಲ ಇರುದು ಅನುಬಂಧದಲ್ಲಿ, ಕೋಷ್ಟಕದ ಅಡಿಯ ಸಣ್ಣ ಅಕ್ಷರದಲ್ಲಿ. ಸುಪ್ರೀಂ ಕೋರ್ಟು ಮೇ 2011ರಲ್ಲಿ ಈ ವಿಷವನ್ನೇ ಇಡೀ ದೇಶದಲ್ಲಿ ನಿಲ್ಲಿಸಿತು, ಜನವರಿ 2017ರಲ್ಲಿ ಸಂತ್ರಸ್ತರಿಗೆ ಐದೈದು ಲಕ್ಷ ಮೂರು ತಿಂಗಳಲ್ಲಿ ಕೊಡಿ ಅಂತು, 2022ರಲ್ಲಿ ಯಾಕೆ ಕೊಡ್ಲಿಲ್ಲ ಅಂತ ಅದೇ ಕೋರ್ಟು ಪುನಃ ಕೇಳ್ಬೇಕಾಯ್ತು. ಈ ಮೂರು ತಾರೀಕು ಪಕ್ಕ ಪಕ್ಕ ಇಟ್ಟು ನೋಡಿ, ಬೇರೆ ವ್ಯಾಖ್ಯಾನ ಬೇಕಾ?

ಗಡಿ ವಿವಾದದ ಮಹಾಜನ ಆಯೋಗದ ವರದಿಯೂ ನೆನಪಾಯ್ತು. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ ಇರುವ ಭಾಗ ಕರ್ನಾಟಕಕ್ಕೆ ಅಂತ 1967ರಲ್ಲಿ ಹೇಳಿದ್ದು ನಮಗೆಲ್ಲ ಬಾಯಿಪಾಠ, ಆದ್ರೆ ಆಯೋಗಕ್ಕೆ ಬಂದ ಮನವಿ 2,240, ಅದರಲ್ಲಿ ನಮ್ಮ ಅಜ್ಜಂದಿರು ಎಂತ ಬರ್ದಿದ್ರು ಅಂತ ನಾವು ಯಾರೂ ಕೇಳುದಿಲ್ಲ. ಶಾ ಆಯೋಗದ್ದು ಇನ್ನೊಂದು ಕಥೆ, ಎಮರ್ಜೆನ್ಸಿಯ ಅತಿರೇಕಗಳನ್ನು ತನಿಖೆ ಮಾಡಿದ ಆ ಆಯೋಗದ ವರದಿ ಎಲ್ಲೂ ಸಿಗದ ಹಾಗೆ ಆಗಿತ್ತು, ತಮಿಳುನಾಡಿನ ಮಾಜಿ ಸಂಸದ ಎರಾ ಸೆಳಿಯನ್ ತನ್ನ ಹತ್ರ ಇದ್ದ ಪ್ರತಿಯಿಂದ 2010ರಲ್ಲಿ ಪುನಃ ಅಚ್ಚು ಹಾಕಿಸಿದ್ರು. ಹಾಗಾಗಿ ಮಾಷ್ಟ್ರೇ, ನಿಮ್ಮ ಕಟ್ಟನ್ನು ಗೆದ್ದಲು ಬಾರದ ಜಾಗದಲ್ಲಿ ಇಡಿ, ಅಟ್ಟದಲ್ಲಿ ಬೇಡ.

ಒಂದು ಹಾಳೆ ಮಾತ್ರ ನನಗೆ ಹೊಟ್ಟೆಯಲ್ಲಿ ಸಂಕಟ ಮಾಡಿತು. ಪುಟ 96. ನಿಮ್ಮೂರಿನ ಹೆಂಗಸರು ಕನ್ನಡದಲ್ಲಿ ಬರೆದ ಅರ್ಜಿ, ಹದಿನೇಳು ಸೈನು, ಮೂರು ಹೆಬ್ಬೆಟ್ಟು. ಬಾವಿಯ ನೀರು ಮಾರ್ಚಿಗೇ ಆರಿದೆ, ಪೈಪಿನಲ್ಲಿ ಗಾಳಿ ಬರ್ತದೆ ಅಂತ ಬರ್ದಿದ್ದಾರೆ. ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಮಲಯಾಳದಲ್ಲಿ ಒಬ್ಬರು "ತರ್ಜಮ ಮಾಡಿಸಿ" ಅಂತ ಗೀಚಿ ತಾರೀಕು ಹಾಕಿದ್ದಾರೆ. ಮುಂದಿನ ಹಾಳೆ ಆ ತರ್ಜಮೆ. ಎರಡರ ಮಧ್ಯೆ ಏಳು ತಿಂಗಳು. ಅಷ್ಟರಲ್ಲಿ ಬಿಲ್ಲು ಪಾಸಾಗಿ ಆಗಿದೆ. ಕೇರಳದಲ್ಲಿರುವ ಕನ್ನಡಿಗ ಕನ್ನಡದಲ್ಲಿ ಅರ್ಜಿ ಕೊಡ್ಬಹುದು, ಸಂವಿಧಾನದ 350ನೇ ವಿಧಿಯಲ್ಲೇ ಉಂಟು ಅಂತ ನಾವು ಸಭೆಯಲ್ಲಿ ಭಾಷಣ ಮಾಡ್ತೇವೆ. ಕೊಡ್ಬಹುದು, ನಿಜ. ಓದುವವರು ಬೇಕಲ್ಲ. ವರದಿಯ ಒಂಬತ್ತು ಪುಟದಲ್ಲಿ ಈ ಅರ್ಜಿಯ ಹೆಸರೇ ಇಲ್ಲ ಅಂತ ನೀವೇ ಬರ್ದಿದ್ದೀರಿ. ಇದನ್ನು ನೀವು ಕಸದಲ್ಲಿ ಸೇರಿಸಿದ್ದು ನನಗೆ ಬೇಜಾರಾಯ್ತು.

ಇನ್ನು ಇದ್ದ ಹಾಗೆ ಪ್ರಿಂಟ್ ಮಾಡಿ ಅಂದ್ರಲ್ಲ, ಅದು ಆಗುದಿಲ್ಲ. ಹೆದರಿಕೆಯಿಂದ ಅಲ್ಲ. ಪುಟ 130ರಿಂದ ಫಲಾನುಭವಿಗಳ ಪಟ್ಟಿ ಉಂಟು, ಅದರಲ್ಲಿ ರೇಷನ್ ಕಾರ್ಡ್ ನಂಬರು, ಫೋನ್ ನಂಬರು, ಒಂದಿಬ್ಬರ ಮನೆಯ ಕಾಯಿಲೆಯ ವಿಷಯ ಕೂಡ. ಕಚೇರಿಯವರು ಬೇಡದ ಕಡೆ ಕರಿ ಬಳಿದು ಬಳಿಯಬೇಕಾದಲ್ಲಿ ಬಿಟ್ಟಿದ್ದಾರೆ. ನೀರಿಗೆ ಅರ್ಜಿ ಹಾಕಿದ ಹೆಂಗಸಿನ ಫೋನ್ ನಂಬರು ನಮ್ಮ ಪತ್ರಿಕೆಯಲ್ಲಿ ಬಂದ್ರೆ ಅವಳಿಗೆ ಎಂತ ಉಪಕಾರ? ದಯವಿಟ್ಟು ಆ ಹಾಳೆಗಳನ್ನು ವಾಟ್ಸಾಪಿಗೂ ಹಾಕ್ಬೇಡಿ, ಹಾಕಿದ್ರೆ ಇವತ್ತೇ ಡಿಲೀಟ್ ಮಾಡಿ.

ಮಾರ್ಚ್ 18 ಮತ್ತು ಏಪ್ರಿಲ್ 2, ಪುಟ 96, ಹೋದ ಎರಡು ಹಾಳೆ, ಇಷ್ಟನ್ನು ಎಂ ಬುಕ್ ಬಂದ ಮೇಲೆ ನಾವು ಬರೀತೇವೆ, ಆ ಕಡೆಯವರ ಉತ್ತರವನ್ನೂ ಕೇಳಿ. ಅಷ್ಟರ ತನಕ ನಾವು ಅವರ ಜನ ಅಂತ ಬೇಕಾದ್ರೆ ತಿಳ್ಕೊಳ್ಳಿ, ಅಡ್ಡಿ ಇಲ್ಲ. ಗುರುವಾರ ನಾನು ಕಾಸರಗೋಡಿನಲ್ಲೇ ಇರ್ತೇನೆ, ಮಧ್ಯಾಹ್ನದ ಬಸ್ಸಿಗೆ ಮೂಲ ಕಟ್ಟು ಹಿಡ್ಕೊಂಡು ಬನ್ನಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಮಳೆ ಉಂಟು. ಟ್ಯಾಗ್ ಬಿಚ್ಚಬೇಡಿ. 215 ಮತ್ತು 216 ನಿಮ್ಮ ಮೇಜಿನ ಡ್ರಾಯರಲ್ಲಿ ಎಲ್ಲಾದ್ರೂ ಉಂಟಾ ಅಂತ ಹೊರಡುವ ಮೊದಲು ಒಮ್ಮೆ ನೋಡಿ.

— ಸಂ.