ರಾತ್ರಿ ಕುಡಿದದ್ದು ಬೆಳಗ್ಗೆಗೆ ಇಳಿದಿರುತ್ತಾ?

ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬರೆಯಲೇಬೇಕು ಅನ್ನಿಸಿದ್ದು ಒಂದು ಮಾತಿನಿಂದ. "ಡ್ಯೂಟಿಯಲ್ಲಿ ಅವನು ಕುಡಿಯೋದೇ ಇಲ್ಲ ಮೇಡಂ." ಈ ವರ್ಷ ಇದನ್ನು ನನಗೆ ಹೇಳಿದವರಲ್ಲಿ ಇವರು ನಾಲ್ಕನೆಯವರು.

ನನ್ನ ಹತ್ತಿರ ಸಲಹೆ ಕೇಳಿ ಬಂದವರು ಒಂದು ಕಾರ್ಖಾನೆಯ ಸೂಪರ್‌ವೈಸರ್. ಸಮಸ್ಯೆ ತಮ್ಮದಲ್ಲ, ಪ್ರೆಸ್ ಮೆಷಿನ್ ಆಪರೇಟರ್‌ದು ಎಂದರು. ಬೆಳಗ್ಗೆ 6ರ ಶಿಫ್ಟಿಗೆ ಬರುವಾಗ ಅವನ ಕೈ ನಡುಗುತ್ತಿರುತ್ತದೆ. ಅಂಥ ದಿನ ಇವರು ಅವನನ್ನು ಪ್ಯಾಕಿಂಗ್‌ಗೆ ಕಳಿಸಿ, ಪುಸ್ತಕದಲ್ಲಿ ಮೆಷಿನ್ ಮೇಲಿದ್ದ ಅಂತಲೇ ಬರೆಯುತ್ತಾರೆ. "ಸ್ನಾನ ಮಾಡಿ, ಸ್ಟ್ರಾಂಗ್ ಕಾಫಿ ಕುಡಿದು ಬಾ ಅಂತ ಹೇಳಿದ್ದೀನಿ. ಅಷ್ಟರಲ್ಲಿ ಇಳಿದಿರುತ್ತೆ, ಅಲ್ವಾ?"

ನಾನು ಒಂದು ಹಾಳೆ ತೆಗೆದುಕೊಂಡೆ. ಒಂದು ಪೆಗ್, ಅಂದರೆ 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಅದನ್ನು ಕರಗಿಸಲು ಲಿವರ್‌ಗೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಕಾಫಿ ಕುಡಿದರೂ ತಣ್ಣೀರು ಹುಯ್ದುಕೊಂಡರೂ ಅದು ಬೇಗ ಮುಗಿಸುವುದಿಲ್ಲ. ರಾತ್ರಿ 10ಕ್ಕೆ ಶುರು ಮಾಡಿ ಹತ್ತು ಪೆಗ್ ಹಾಕಿದರೆ ಪೂರ್ತಿ ಇಳಿಯುವುದು ಬೆಳಗ್ಗೆ 8ರ ಹೊತ್ತಿಗೆ. ಶಿಫ್ಟ್ 6ಕ್ಕೆ.

ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಪೆನ್ ಕೇಳಿದರು. ನನ್ನ ಲೆಕ್ಕದ ಪಕ್ಕ ಇನ್ನೊಂದು ಬರೆದರು: ರಾತ್ರಿ 10, ಏಳು ಪೆಗ್, ಬೆಳಗ್ಗೆ 5. ತುಂಬ ಹೊತ್ತು ನೋಡಿ, "ನಾನು ನಾಲ್ಕೂವರೆಗೆ ಬೈಕ್ ತೆಗೀತೀನಿ ಮೇಡಂ" ಎಂದರು. ಆಮೇಲೆ ಮೆಲ್ಲಗೆ, "ಅವನ ಜೊತೆ ಕೂರೋದು ನಾನೇ."

ಆ ಕ್ಷಣ ಅವರನ್ನು ಬೈಯುವುದು ಸುಲಭವಿತ್ತು. ಬೈಯಲಿಲ್ಲ. ಬೈದಿದ್ದರೆ ಮತ್ತೆ ಬರುತ್ತಿರಲಿಲ್ಲ.

"ನಾಳೆಯಿಂದಲೇ ಇಬ್ಬರೂ ಬಿಡ್ತೀವಿ" ಎಂದಾಗ, ಮೊದಲು ಡಾಕ್ಟರ ಹತ್ತಿರ ಹೋಗಿ ಎಂದೆ. ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಸಿಟ್ಟಾದರು: ಬಿಡ್ತೀನಿ ಅಂದವನನ್ನು ತಡೆಯೋದಾ? ಹೌದು. ದಿನಾ ಜಾಸ್ತಿ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಪ್ರಾಣಕ್ಕೂ ಕುತ್ತು. ಆಪರೇಟರ್‌ನ ಕೈನಡುಕವನ್ನು ಇವರು ಬರೀ ಹ್ಯಾಂಗೋವರ್ ಅಂದುಕೊಂಡಿದ್ದರು. ನನಗೆ ಹಾಗನ್ನಿಸಲಿಲ್ಲ; ಕುಡಿತಕ್ಕೆ ಒಗ್ಗಿದ ದೇಹ ಅದು ಇಳಿಯುವಾಗ ನಡುಗುವುದು ಅನ್ನಿಸಿತು.

ಇನ್ನೊಂದು ಮಾತೂ ಹೇಳಿದೆ. ಸುಳ್ಳು ಬರೆಯುವುದು ಇವತ್ತಿಗೇ ನಿಲ್ಲಲಿ. "ಕುಡುಕ" ಅಂತಲೂ ಬರೆಯಬೇಡಿ. ಕಂಡದ್ದನ್ನು ಮಾತ್ರ ಬರೆಯಿರಿ: ಎಷ್ಟು ಗಂಟೆಗೆ ಕೈ ನಡುಗಿತು, ಯಾವ ತಪ್ಪಾಯಿತು. ಡಾಕ್ಟರು ಹೇಳುವವರೆಗೆ ಅವನು ಮೆಷಿನ್ ಮುಟ್ಟಬಾರದು, ಆದರೆ ಕೆಲಸ ಇರಲಿ ಅಂತ ಮ್ಯಾನೇಜರ್ ಹತ್ತಿರ ನೀವೇ ಮಾತಾಡಿ. ಇದು ನನ್ನ ಮೆದು ಮನಸ್ಸಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1996ರ ಮಾರ್ಗಸೂಚಿಯೂ ಕುಡಿತವನ್ನು ಆರೋಗ್ಯದ ಸಮಸ್ಯೆಯಾಗಿಯೇ ನೋಡಿ ಅನ್ನುತ್ತದೆ. ಕೆಲಸ ಹೋಗುತ್ತೆ ಅನ್ನುವ ಭಯವಿರುವ ಕಡೆ ಎಲ್ಲರೂ ಮುಚ್ಚಿಡುತ್ತಾರೆ, ಇವರು ಮುಚ್ಚಿಟ್ಟ ಹಾಗೆ.

ಮೂರು ವಾರದ ಮೇಲೆ ಫೋನ್ ಮಾಡಿದ್ದರು. ಆಪರೇಟರ್ ಆಸ್ಪತ್ರೆ ಸೇರಿ, ಮದ್ದು ತಗೊಂಡು, ಈಗ ಸ್ಟೋರ್‌ನಲ್ಲಿದ್ದಾನಂತೆ. ಅವರದೇ ಲೆಕ್ಕ ಏನಾಯ್ತು ಅಂತ ಅವರು ಹೇಳಲಿಲ್ಲ. ಮುಂದಿನ ಗುರುವಾರ ಬರುತ್ತಾರೆ, ಕೇಳಬೇಕು.